ಮಿಲ್ ನಡೆಯುತ್ತಿರುವಾಗಲೇ ನ್ಯಾಯಮಂಡಳಿಗೆ ಹೋದೆವು

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ದಾಲ್ ಮಿಲ್‌ನ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಸಾಲ ಕುತ್ತಿಗೆಗೆ ಬಂದಾಗ ನಮ್ಮ ಕಂಪನಿ ತಾನೇ ಮುಂದಾಗಿ, ಸಾಲ ತೀರಿಸಲಾಗದ ಕಂಪನಿಗಳಿಗಾಗಿ ಇರುವ ದಿವಾಳಿ ಸಂಹಿತೆಯ ಅಡಿಯಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿಗೆ ಅರ್ಜಿ ಹಾಕಿಕೊಂಡಿತು. ವರ್ಷಕ್ಕೂ ಮೀರಿ ಆ ಪ್ರಕ್ರಿಯೆಯೊಳಗಿದ್ದು, ಹರಾಜಾಗದೆ ಹೊರಬಂದಿತು. ಇವತ್ತಿಗೂ ಬೆಳಿಗ್ಗೆ ರೋಲರ್‌ಗಳು ತಿರುಗುತ್ತವೆ, ವಾರದ ಪಗಾರ ವಾರಕ್ಕೆ ಆಗುತ್ತದೆ. ಎಲ್ಲರ ಕೆಲಸವೂ ಉಳಿಯಲಿಲ್ಲ, ಎಲ್ಲರ ಬಾಕಿಯೂ ತೀರಲಿಲ್ಲ. ಆದರೆ ನಮ್ಮ ಸುತ್ತಮುತ್ತ ಬೀಗ ಬಿದ್ದ ಮಿಲ್‌ಗಳನ್ನು ಕಂಡವನಿಗೆ ಇದು ದೊಡ್ಡದೇ. ಇಂಥದ್ದೊಂದು ದಾರಿ ಇದೆ ಎಂದು ನಮ್ಮ ಭಾಗದಲ್ಲಿ ತಿಳಿದವರು ಕಡಿಮೆ. ತಿಳಿದವರು ಹೋಗುವಷ್ಟರಲ್ಲಿ ಮಿಲ್ ನಿಂತು ತುಕ್ಕು ಹಿಡಿದಿರುತ್ತದೆ.

ಮೊದಲು ಸಾಲದ ಮಾತು. ದಾಲ್ ಮಿಲ್ ನಡೆಯುವುದು ಮಾಲಕರ ಕೈಯ ದುಡ್ಡಿನಿಂದಲ್ಲ, ಬ್ಯಾಂಕಿನ ಕ್ಯಾಶ್ ಕ್ರೆಡಿಟ್‌ನಿಂದ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗಂಜಿಗೆ, ಅಂದರೆ ಊರಿನ ಧಾನ್ಯ ಮಾರುಕಟ್ಟೆಗೆ, ಹೊಸ ತೊಗರಿ ಬರುತ್ತದೆ. ಆಗ ಕೊಂಡಿಟ್ಟದ್ದನ್ನೇ ಮುಂದೆ ತಿಂಗಳುಗಟ್ಟಲೆ ಒಡೆಯಬೇಕು. ಗೋದಾಮಿನ ದಾಸ್ತಾನನ್ನು ಒತ್ತೆ ಇಟ್ಟುಕೊಂಡು ಬ್ಯಾಂಕು ಹಣ ಬಿಡುತ್ತದೆ, ದಾಸ್ತಾನು ಕರಗಿದರೆ ಎತ್ತಬಹುದಾದ ಹಣವೂ ಕರಗುತ್ತದೆ. 2022ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದು ಗಿಡಗಳು ನಿಂತಲ್ಲೇ ಒಣಗಿದವು. ಮರುವರ್ಷ ಮಳೆ ಕೈಕೊಟ್ಟಿತು. ದರ ಕ್ವಿಂಟಲಿಗೆ ಹತ್ತು ಸಾವಿರ ದಾಟಿತು. 2023ರ ಜೂನ್ 2ರಂದು ಕೇಂದ್ರ ಸರ್ಕಾರ ತೊಗರಿ ದಾಸ್ತಾನಿಗೆ ಮಿತಿ ಹಾಕಿತು. ಸೆಪ್ಟೆಂಬರ್‌ನಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿ, ಒಂದು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ 10, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟನ್ನು ಮಾತ್ರ ಮಿಲ್‌ಗಳು ಇಟ್ಟುಕೊಳ್ಳಬೇಕೆಂದಿತು. ಬೇಳೆ ಕೊಂಡು ತಿನ್ನುವ ಬಡವರ ದೃಷ್ಟಿಯಿಂದ ಅದು ಸರಿಯಾದ ಕ್ರಮ ಎಂದೇ ನಾನು ಈಗಲೂ ಹೇಳುತ್ತೇನೆ. ನಮ್ಮ ಮಿಲ್‌ಗೆ ಮಾತ್ರ ಅದರ ಏಟು ಬಲವಾಗಿ ಬಿತ್ತು. ದುಬಾರಿಗೆ ಕೊಂಡ ಮಾಲನ್ನು ಅವಸರದಲ್ಲಿ ಮಾರಬೇಕಾಯಿತು, ಗೋದಾಮು ಖಾಲಿಯಾದಷ್ಟೂ ಬ್ಯಾಂಕಿನ ಮಿತಿ ಕುಗ್ಗಿತು. ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಒಂದು ಹಣಕಾಸು ಕಂಪನಿಯಿಂದ ತೆಗೆದುಕೊಂಡಿದ್ದ ಸಾಲದ ಕಂತು ಬೇರೆ ಇತ್ತು. ಹೊರರಾಜ್ಯದ ಇಬ್ಬರು ದೊಡ್ಡ ಖರೀದಿದಾರರು ಬೇಳೆ ಒಯ್ದು ಹಣ ಹಾಕಲಿಲ್ಲ. ಅಲ್ಲಿಗೆ ನಮ್ಮ ಉಸಿರು ಕಟ್ಟಿತು.

ಕಂತು, ಬಡ್ಡಿ 90 ದಿನ ಬಾಕಿ ಬಿದ್ದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಅದರ ಬೆನ್ನಿಗೇ, ಒತ್ತೆ ಆಸ್ತಿಯಿಂದ ಸಾಲ ವಸೂಲಿ ಮಾಡಲು ಬ್ಯಾಂಕುಗಳಿಗೆ ಇರುವ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು ಬರುತ್ತದೆ: 60 ದಿನಗಳಲ್ಲಿ ಪೂರ್ತಿ ಸಾಲ ಕಟ್ಟಿ, ಇಲ್ಲವಾದರೆ ಒತ್ತೆ ಇಟ್ಟ ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳುತ್ತೇವೆ. ಇದಕ್ಕೆ ಬ್ಯಾಂಕು ಕೋರ್ಟಿಗೆ ಹೋಗಬೇಕಿಲ್ಲ. ವಶಕ್ಕೆ ತೆಗೆದುಕೊಳ್ಳಲು ಜಿಲ್ಲಾಧಿಕಾರಿಯ ನೆರವು ಕೇಳಿದರೆ ಸಾಕು, ತಹಶೀಲ್ದಾರರು ಪೊಲೀಸರೊಂದಿಗೆ ಬಂದು ಬೀಗ ಹಾಕಿಸುತ್ತಾರೆ. ಅದಾದ ಮೇಲೆ ಹರಾಜು. ಹರಾಜಿನಲ್ಲಿ ಕೊಳ್ಳುವವನು ನೆಲ ಕೊಳ್ಳುತ್ತಾನೆ, ಶೆಡ್ಡು ಕೊಳ್ಳುತ್ತಾನೆ, ಯಂತ್ರವನ್ನು ಗುಜರಿಗೆ ತೂಗುತ್ತಾನೆ. ಅಲ್ಲಿ ದುಡಿಯುತ್ತಿದ್ದವರ ಜವಾಬ್ದಾರಿ ಅವನಿಗೆ ಬೇಡ.

ನಮ್ಮ ಹಿರಿಯ ಫಿಟ್ಟರ್ ಒಬ್ಬರ ತಂದೆ ಊರಿನ ಹಳೆಯ ಬಟ್ಟೆ ಗಿರಣಿಯಲ್ಲಿ, ಅಂದರೆ ಎಂ.ಎಸ್.ಕೆ. ಮಿಲ್‌ನಲ್ಲಿ ದುಡಿದವರು. ಆ ಗಿರಣಿ ಮುಚ್ಚಿತು, ಹೆಸರು ಮಾತ್ರ ಬಡಾವಣೆಗೆ ಉಳಿಯಿತು. ನೋಟಿಸು ಬಂದ ದಿನ ಆ ಫಿಟ್ಟರ್ ನನ್ನನ್ನು ಕೇಳಿದರು: "ಬ್ಯಾಂಕಿನವರಿಗೆ ಬೇಕಾಗಿರುವುದು ದುಡ್ಡು. ಮಿಲ್ ನಡೆದರೆ ದುಡ್ಡು ಬರುತ್ತದೆ, ಮುಚ್ಚಿದರೆ ಎಲ್ಲಿಂದ ಬರುತ್ತದೆ? ಇಷ್ಟನ್ನು ಅವರಿಗೆ ಹೇಳುವವರು ಯಾರೂ ಇಲ್ಲವೇ ಅಣ್ಣಾವರೇ?" ನಾನು ಹುಡುಕತೊಡಗಿದ್ದು ಆ ಪ್ರಶ್ನೆಗೆ ಉತ್ತರವನ್ನೇ.

ಉತ್ತರ ಸಿಕ್ಕಿದ್ದು ನಮ್ಮ ಲೆಕ್ಕಪರಿಶೋಧಕರಿಂದ. 2016ರ ದಿವಾಳಿ ಸಂಹಿತೆಯಲ್ಲಿ ಕಂಪನಿಯ ಬಾಗಿಲಿಗೆ ಬರುವ ದಾರಿ ಮೂರು. ಸಾಲ ಕೊಟ್ಟ ಬ್ಯಾಂಕು 7ನೇ ಕಲಮಿನಲ್ಲಿ ಅರ್ಜಿ ಹಾಕಬಹುದು, ಮಾಲು ಕೊಟ್ಟವರು ಮತ್ತು ಪಗಾರ ಬಾಕಿ ಇರುವ ಕಾರ್ಮಿಕರು 9ನೇ ಕಲಮಿನಲ್ಲಿ, ಸ್ವತಃ ಕಂಪನಿಯೇ 10ನೇ ಕಲಮಿನಲ್ಲಿ. ಬಾಕಿ ಕನಿಷ್ಠ ಒಂದು ಕೋಟಿ ರೂಪಾಯಿ ಇರಬೇಕು. 2020ರ ಮಾರ್ಚ್‌ಗೆ ಮೊದಲು ಒಂದು ಲಕ್ಷ ಸಾಕಿತ್ತು. ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗಾಗಿ 2021ರ ಏಪ್ರಿಲ್‌ನಲ್ಲಿ ತಂದ ಪ್ರೀ-ಪ್ಯಾಕ್ ಎಂಬ ನಾಲ್ಕನೆಯ ದಾರಿಯೂ ಇದೆ. ಅದರಲ್ಲಿ ಹತ್ತು ಲಕ್ಷದ ಬಾಕಿ ಸಾಕು, ಆಡಳಿತ ಮಾಲಕರ ಕೈಯಲ್ಲೇ ಇರುತ್ತದೆ, 120 ದಿನಗಳಲ್ಲಿ ಮುಗಿಯಬೇಕು. ನಮಗೆ ಅದೇ ಒಗ್ಗುತ್ತಿತ್ತು. ಆದರೆ ಅದಕ್ಕೆ ಅರ್ಜಿ ಹಾಕುವ ಮೊದಲೇ ಸಾಲದಾತರ ಪೈಕಿ ಮೌಲ್ಯದ ಲೆಕ್ಕದಲ್ಲಿ ಶೇ 66ರಷ್ಟು ಮಂದಿ ಒಪ್ಪಿಗೆ ಕೊಡಬೇಕಿತ್ತು. ನಮ್ಮ ಬ್ಯಾಂಕಿನ ಶಾಖೆಯವರು ವಲಯ ಕಚೇರಿಯತ್ತ ಬೆರಳು ತೋರಿಸಿದರು, ವಲಯ ಕಚೇರಿಯವರು ಕಾಗದಕ್ಕೆ ಉತ್ತರವನ್ನೇ ಕೊಡಲಿಲ್ಲ. ಉಳಿದದ್ದು 10ನೇ ಕಲಮು.

10ನೇ ಕಲಮಿಗೆ ಮಾಲಕರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಅರ್ಜಿ ಅಂಗೀಕಾರವಾದ ಕ್ಷಣದಿಂದ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತಾಗುತ್ತದೆ. ಚೆಕ್ಕಿಗೆ ಸಹಿ ಹಾಕುವವರು, ಮಾಲು ಕೊಳ್ಳುವವರು, ಬೀಗದ ಕೈ ಇಟ್ಟುಕೊಳ್ಳುವವರು ನ್ಯಾಯಮಂಡಳಿ ನೇಮಿಸಿದ ಪರಿಹಾರ ವೃತ್ತಿಪರರು. ಅವರನ್ನು ನಾವೆಲ್ಲ ಆರ್‌ಪಿ ಎಂದೇ ಕರೆಯುತ್ತೇವೆ. ತಂದೆಯ ಕಾಲದ ಮಿಲ್ಲನ್ನು ಪರರ ಕೈಗೆ ಕೊಡಿ ಎಂದು ತಾವೇ ಅರ್ಜಿ ಬರೆದುಕೊಳ್ಳುವುದೆಂದರೆ ಯಾರಿಗೂ ಸಂಕಟವೇ. ಮೇಲಾಗಿ ದಿವಾಳಿ ಎಂದರೆ ಗಂಜಿನಲ್ಲಿ ಮರ್ಯಾದೆಯ ಪ್ರಶ್ನೆ. "ನಾಳೆ ಅಡತಿಯವರ ಮುಂದೆ ಹೇಗೆ ಮುಖ ತೋರಿಸಲಿ?" ಎಂದು ಮಾಲಕರು ಕೇಳಿದರು. ಅಡತಿಯವರೆಂದರೆ ಗಂಜಿನ ದಲ್ಲಾಳಿಗಳು. ಲೆಕ್ಕಪರಿಶೋಧಕರು ಅಡ್ಡಮಾತು ಆಡಲಿಲ್ಲ. "ತಹಶೀಲ್ದಾರರು ಬೀಗ ಹಾಕಿದ ಮೇಲೆ ಹೇಗಿದ್ದರೂ ಮುಖ ತೋರಿಸಬೇಕಲ್ಲ ಸಾಹುಕಾರರೇ. ಈಗ ಹೋದರೆ ನಡೆಯುವ ಮಿಲ್ ಒಯ್ಯುತ್ತೀರಿ, ಆಮೇಲೆ ಹೋದರೆ ಖಾಲಿ ಶೆಡ್ಡು ಒಯ್ಯುತ್ತೀರಿ." ಮಾಲಕರು ಎರಡು ದಿನ ಮಿಲ್ ಕಡೆಗೆ ಬರಲಿಲ್ಲ. ಮೂರನೆಯ ದಿನ ಬಂದು ಷೇರುದಾರರ ಸಭೆಗೆ ನೋಟಿಸು ತಯಾರಿಸಲು ಹೇಳಿದರು. 10ನೇ ಕಲಮಿನ ಅರ್ಜಿಗೆ ಷೇರುದಾರರ ವಿಶೇಷ ನಿರ್ಣಯ, ಅಂದರೆ ಮುಕ್ಕಾಲು ಬಹುಮತ ಬೇಕು. ನಮ್ಮಲ್ಲಿ ಷೇರುದಾರರೆಂದರೆ ಮನೆಯವರೇ, ಹಾಗಾಗಿ ಅದು ಬೇಗ ಮುಗಿಯಿತು.

ಅರ್ಜಿಯ ನಮೂನೆ 6, ಶುಲ್ಕ 25,000 ರೂಪಾಯಿ. ಜೊತೆಗೆ ಆಯವ್ಯಯ ಪಟ್ಟಿಗಳು, ಆಸ್ತಿಯ ವಿವರ, ಯಾರಿಗೆ ಎಷ್ಟು ಕೊಡಬೇಕೆಂಬ ಪೂರ್ತಿ ಪಟ್ಟಿ. ಆ ಪಟ್ಟಿ ಮಾಡಿದವನು ನಾನು. ಗಂಜಿನ ಅಡತಿ ಅಂಗಡಿಗಳು, ಗೋಣಿಚೀಲದವರು, ಲಾರಿಯವರು, ವಿದ್ಯುತ್ ಬಿಲ್ಲು, ಭವಿಷ್ಯನಿಧಿ ಬಾಕಿ, ಪಗಾರ ಬಾಕಿ ಎಲ್ಲವೂ ಅದರಲ್ಲಿ ಬಂದವು. ಕಾರ್ಮಿಕರ ಬಾಕಿಯನ್ನು ಒಟ್ಟು ಮೊತ್ತವಾಗಿ ತೋರಿಸಿದರೆ ಸಾಕು ಎಂದು ವಕೀಲರ ಗುಮಾಸ್ತರು ಹೇಳಿದರು. ನಾನು ಒಬ್ಬೊಬ್ಬರ ಹೆಸರು ಬರೆದು, ಹೆಸರಿನ ಮುಂದೆ ಮೊತ್ತ ಬರೆದೆ. ಅದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಅರ್ಜಿ ಹಾಕಿದ್ದರಿಂದಲೇ ರಕ್ಷಣೆ ಸಿಗುವುದಿಲ್ಲ. ಅದು ಸಿಗುವುದು ಅಂಗೀಕಾರವಾದ ದಿನದಿಂದ. 14 ದಿನಗಳಲ್ಲಿ ತೀರ್ಮಾನವಾಗಬೇಕೆಂದು ಸಂಹಿತೆ ಹೇಳುತ್ತದೆ, ಆದರೆ ನಮ್ಮ ಬ್ಯಾಂಕು ಆಕ್ಷೇಪಣೆ ಸಲ್ಲಿಸಿತು. ಸಾಲ ವಸೂಲಿ ತಪ್ಪಿಸಿಕೊಳ್ಳಲು ಹೂಡಿದ ಆಟ ಇದು ಎಂಬುದು ಅವರ ವಾದ. ಅದಕ್ಕೆ ನಾವು ಉತ್ತರ ಕೊಡಬೇಕು, ಅವರು ಮರು ಉತ್ತರ ಕೊಡಬೇಕು. ಈ ನಡುವೆ 60 ದಿನದ ಗಡುವು ಮುಗಿದು ಬ್ಯಾಂಕಿನವರು ಗೇಟಿಗೆ ಸ್ವಾಧೀನದ ನೋಟಿಸು ಅಂಟಿಸಿದರು, ಪತ್ರಿಕೆಯಲ್ಲೂ ಹಾಕಿಸಿದರು. ಅದು ಕಾಗದದ ಮೇಲಿನ ಸ್ವಾಧೀನ. ಬೀಗ ಬೀಳಲು ಜಿಲ್ಲಾಧಿಕಾರಿಯ ಆದೇಶ ಬೇಕಿತ್ತು, ಅದಕ್ಕೂ ಅವರು ಅರ್ಜಿ ಹಾಕಿದ್ದರು. ಯಾವುದು ಮೊದಲು ಬರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಆ ದಿನಗಳಲ್ಲಿ ಗೇಟಿನ ಮುಂದೆ ಸರ್ಕಾರಿ ಜೀಪು ನಿಧಾನ ಮಾಡಿದರೂ ಅಂಗಳದಲ್ಲಿ ತೊಗರಿ ಕೆದಕುತ್ತಿದ್ದ ಹೆಣ್ಣುಮಕ್ಕಳು ಎದ್ದು ನಿಲ್ಲುತ್ತಿದ್ದರು.

ಕರ್ನಾಟಕಕ್ಕೆಲ್ಲ ಇರುವುದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಒಂದೇ. ವಿಚಾರಣೆಗೆ ವಿಡಿಯೊ ಮೂಲಕವೂ ಹಾಜರಾಗಬಹುದು. ಆದರೂ ಮುಖ್ಯ ವಿಚಾರಣೆಗೆ ಮಾಲಕರ ಜೊತೆ ನಾನೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆ. ಎಂ.ಜಿ. ರಸ್ತೆಯ ಆ ಬಹುಮಹಡಿ ಕಟ್ಟಡದಲ್ಲಿ ನಾನು ಊಹಿಸಿಕೊಂಡಿದ್ದ ಕಟಕಟೆ ಇರಲಿಲ್ಲ, ಸಾಕ್ಷಿ ಇರಲಿಲ್ಲ. ಸದಸ್ಯರಿಬ್ಬರು ಕಡತ ನೋಡುತ್ತಾರೆ, ಕೇಳಿದ್ದಕ್ಕೆ ವಕೀಲರು ಉತ್ತರಿಸುತ್ತಾರೆ. ನಮ್ಮ ಸರದಿ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಸಾಲವಿದೆಯೇ, ಬಾಕಿ ಬಿದ್ದಿದೆಯೇ, ನಿರ್ಣಯ ಸರಿಯಾಗಿ ಆಗಿದೆಯೇ, ಅರ್ಜಿ ಪೂರ್ಣವಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಮಿಲ್ ನಡೆಯುತ್ತಿದೆಯೇ ಎಂದು ಒಬ್ಬ ಸದಸ್ಯರು ಕೇಳಿದಾಗ ನಮ್ಮ ವಕೀಲರು ಹಿಂದಿನ ತಿಂಗಳ ವಿದ್ಯುತ್ ಬಿಲ್ಲನ್ನೂ ಹಾಜರಿ ಪುಸ್ತಕದ ಪ್ರತಿಯನ್ನೂ ಮುಂದಿಟ್ಟರು. ಬೇಸಿಗೆ ಮುಗಿಯುವ ಮೊದಲೇ ಅಂಗೀಕಾರದ ಆದೇಶ ಬಂತು.

ಆ ಆದೇಶದ ಹೃದಯ 14ನೇ ಕಲಮು. ಅದು ಜಾರಿಗೆ ಬಂದ ಕ್ಷಣದಿಂದ ಕಂಪನಿಯ ಮೇಲೆ ಹೊಸ ದಾವೆ ಹೂಡುವಂತಿಲ್ಲ, ನಡೆಯುತ್ತಿರುವುದನ್ನು ಮುಂದುವರಿಸುವಂತಿಲ್ಲ, ಜಪ್ತಿ ಮಾಡುವಂತಿಲ್ಲ. ಸರ್ಫೇಸಿ ಕ್ರಮವೂ ನಿಲ್ಲುತ್ತದೆ. ಮಿಲ್ ನಡೆಯಲು ತೀರಾ ಅಗತ್ಯವೆಂದು ಆರ್‌ಪಿ ಹೇಳಿದ ಸರಕು ಸೇವೆಗಳನ್ನು, ಇಂದಿನ ಬಿಲ್ಲು ಕಟ್ಟುತ್ತಿರುವವರೆಗೆ, ಹಳೆಯ ಬಾಕಿಯ ನೆಪದಲ್ಲಿ ಕಡಿಯುವಂತಿಲ್ಲ. ಇದು ಸಾಲ ಮನ್ನಾ ಅಲ್ಲ, ನಿಂತು ಲೆಕ್ಕ ಮಾಡಲು ಸಿಗುವ ಸಮಯ. 180 ದಿನ, ಬೇಕಾದರೆ ಇನ್ನೂ 90 ದಿನ. ವ್ಯಾಜ್ಯದ ಕಾಲವೂ ಸೇರಿ ಸಾಮಾನ್ಯವಾಗಿ 330 ದಿನಗಳೊಳಗೆ ಮುಗಿಯಬೇಕು. ಅಷ್ಟರಲ್ಲಿ ಒಪ್ಪಿಗೆಯಾಗುವ ಪರಿಹಾರ ಯೋಜನೆ (ಸಾಲದಾತರಿಗೆ ಇಷ್ಟು ಕೊಟ್ಟು ಕಂಪನಿಯನ್ನು ವಹಿಸಿಕೊಳ್ಳುತ್ತೇವೆ ಎಂಬ ಪ್ರಸ್ತಾವ) ಬರದಿದ್ದರೆ ಲಿಕ್ವಿಡೇಷನ್, ಅಂದರೆ ಆಸ್ತಿ ಮಾರಿ ಕಂಪನಿಯನ್ನೇ ಮುಗಿಸಿಬಿಡುವುದು.

ಆರ್‌ಪಿ ಹೈದರಾಬಾದಿನವರು. ಕನ್ನಡ ಅಷ್ಟಕ್ಕಷ್ಟೇ, ನಮ್ಮ ದಖ್ಖನಿ ಚೆನ್ನಾಗಿ ಬರುತ್ತಿತ್ತು. ಮೊದಲ ದಿನವೇ ದಾಸ್ತಾನು ಎಣಿಸಲು ನಿಂತರು. ಪುಸ್ತಕದಲ್ಲಿರುವ ತೊಗರಿ ಗೋದಾಮಿನಲ್ಲಿ ಇಲ್ಲ ಎಂದು ಅವರ ಸಹಾಯಕ ಹುಡುಗ ಬರೆದುಕೊಂಡ. ದಾಲ್ ಮಿಲ್ ನೋಡದವರಿಗೆ ಹಾಗೆ ಅನ್ನಿಸುವುದು ಸಹಜ. ಅವರಿಬ್ಬರನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ತೊಗರಿಯನ್ನು ಮೊದಲು ಎಮರಿ ರೋಲರ್‌ನಲ್ಲಿ ಉಜ್ಜಿ ಸಿಪ್ಪೆಗೆ ಗೀರು ಹಾಕುತ್ತೇವೆ, ಎಣ್ಣೆ ಸವರುತ್ತೇವೆ, ಬಿಸಿಲಿಗೆ ಹರಡುತ್ತೇವೆ, ರಾಶಿ ಹಾಕಿ ಬಿಡುತ್ತೇವೆ, ನೀರು ಚಿಮುಕಿಸುತ್ತೇವೆ, ಮತ್ತೆ ಒಣಗಿಸಿ ಮತ್ತೆ ರೋಲರ್‌ಗೆ ಹಾಕುತ್ತೇವೆ. ಒಂದೇ ಮಾಲು ದಿನಗಟ್ಟಲೆ ಅಂಗಳದಲ್ಲೇ ಇರುತ್ತದೆ, ತೇವ ಏರಿದಂತೆ ಇಳಿದಂತೆ ತೂಕವೂ ಬದಲಾಗುತ್ತದೆ. ಕೊನೆಗೆ ನೂರು ಕೆ.ಜಿ. ತೊಗರಿಗೆ 70ರಿಂದ 75 ಕೆ.ಜಿ. ಬೇಳೆ, ಉಳಿದದ್ದು ನುಚ್ಚು, ಹೊಟ್ಟು. ಹೊಟ್ಟಿಗೂ ಬೆಲೆ ಇದೆ, ದನದ ಮೇವಿಗೆ ಹೋಗುತ್ತದೆ. ಆರ್‌ಪಿ ಬಗ್ಗಿ ಒಂದು ಹಿಡಿ ತೊಗರಿ ಎತ್ತಿ ಉಜ್ಜಿ ನೋಡಿದರು, ಬೆರಳಿಗೆ ಎಣ್ಣೆ ಹತ್ತಿತು. ಹಂತ ಹಂತವಾಗಿ ಹೊಸ ಪಟ್ಟಿ ಮಾಡಿಸಿದರು. ಕೊರತೆ ಎಂದು ಬರೆದದ್ದನ್ನು ಹೊಡೆದು ಹಾಕಿಸಿದರು.

ಕಂಪನಿಯನ್ನು ಚಾಲ್ತಿಯಲ್ಲಿಡುವುದು ಆರ್‌ಪಿಯ ಕರ್ತವ್ಯ. ಆದರೆ ಬಂಡವಾಳ ಎಲ್ಲಿದೆ? ಮಧ್ಯಂತರ ಸಾಲ ಎತ್ತಲು ಸಂಹಿತೆ ಅವಕಾಶ ಕೊಡುತ್ತದೆ, ಕೊಡುವವರು ಬೇಕಲ್ಲ. ದಾರಿ ತೋರಿಸಿದ್ದು ಆ ಹಿರಿಯ ಫಿಟ್ಟರ್. ಸ್ವಂತ ತೊಗರಿ ಕೊಳ್ಳಲು ಹಣವಿಲ್ಲದಿದ್ದರೆ ಬೇರೆಯವರ ತೊಗರಿಯನ್ನು ಕೂಲಿಗೆ ಒಡೆದು ಕೊಡೋಣ ಎಂದರು. ಯಂತ್ರ ನಮ್ಮದು, ಕೆಲಸ ನಮ್ಮದು, ಮಾಲು ಅವರದು. ಗಂಜಿನ ಕೆಲವು ವ್ಯಾಪಾರಿಗಳು ಮೊದಲು ಹಿಂಜರಿದರು. ತಮ್ಮ ತೊಗರಿಯೂ ಜಪ್ತಿಯಾದರೆ ಎಂಬ ಭಯ. ಮಾಲು ಅವರದೇ ಎಂದು ಆರ್‌ಪಿ ಚೀಟಿ ಕೊಟ್ಟು, ಗೋದಾಮಿನಲ್ಲಿ ಬೇರೆ ಅಂಕಣ ಮಾಡಿಸಿದ ಮೇಲೆ ಬಂದರು. ಲಾಭ ದೊಡ್ಡದಲ್ಲ, ಆದರೆ ವಿದ್ಯುತ್ ಬಿಲ್ಲು ಮತ್ತು ಪಗಾರ ಅದರಿಂದಲೇ ಹೊರಟವು. ಈ ಅವಧಿಯಲ್ಲಿ ನಿಜವಾಗಿ ದುಡಿದವರ ಪಗಾರ ಪ್ರಕ್ರಿಯೆಯ ವೆಚ್ಚದಲ್ಲಿ ಸೇರುತ್ತದೆ, ಬ್ಯಾಂಕಿಗಿಂತ ಮೊದಲು ಸಲ್ಲಬೇಕು. ಮುಚ್ಚಿದ ಒಂದು ಹಡಗುಕಟ್ಟೆಯ ನೌಕರರ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಕಂಪನಿ ಚಾಲ್ತಿಯಲ್ಲಿದ್ದು ದುಡಿದಿದ್ದರೆ ಮಾತ್ರ ಎಂಬ ಷರತ್ತು ಅದರಲ್ಲಿದೆ. ನಿಂತ ಮಿಲ್‌ನ ಕಾರ್ಮಿಕನಿಗೆ ಈ ಆಸರೆ ಇಲ್ಲ.

ಇನ್ನು ಬಾಕಿ ಕೇಳುವ ಕೆಲಸ. ಒಂದು ಇಂಗ್ಲಿಷ್ ಪತ್ರಿಕೆ, ಒಂದು ಕನ್ನಡ ಪತ್ರಿಕೆಯಲ್ಲಿ ಆರ್‌ಪಿ ಪ್ರಕಟಣೆ ಕೊಟ್ಟರು: ಕಂಪನಿಯಿಂದ ಹಣ ಬರಬೇಕಾದವರು 14 ದಿನಗಳೊಳಗೆ ಹಕ್ಕು ಸಲ್ಲಿಸಬೇಕು. ತಡವಾದರೂ ಪ್ರಕ್ರಿಯೆ ಶುರುವಾಗಿ ಕನಿಷ್ಠ 90 ದಿನಗಳವರೆಗೆ ಅವಕಾಶವಿರುತ್ತದೆ. ಬ್ಯಾಂಕಿನವರಿಗೆ ನಮೂನೆ ಸಿ, ಮಾಲು ಕೊಟ್ಟವರಿಗೆ ನಮೂನೆ ಬಿ, ಕಾರ್ಮಿಕರಿಗೆ ನಮೂನೆ ಡಿ. ಎಲ್ಲರ ಪರವಾಗಿ ಒಬ್ಬರೇ ಪ್ರತಿನಿಧಿ ಸಲ್ಲಿಸುವುದಾದರೆ ನಮೂನೆ ಇ. ಕಾರ್ಮಿಕರು ನನ್ನನ್ನೇ ಪ್ರತಿನಿಧಿ ಮಾಡಿದರು. ಅಂದಿನಿಂದ ಊಟದ ವಿರಾಮದಲ್ಲಿ ಗೋದಾಮಿನ ಚೀಲಗಳ ಮೇಲೆ ಕುಳಿತು ಒಬ್ಬೊಬ್ಬರದೂ ಬರೆಯತೊಡಗಿದೆ.

ಕಾಯಂ ನೌಕರರದು ಕಷ್ಟವಾಗಲಿಲ್ಲ. ಪಗಾರ ಬ್ಯಾಂಕಿಗೆ ಹೋಗುತ್ತಿತ್ತು, ಗುರುತು ಇತ್ತು. ಅಂಗಳದಲ್ಲಿ ತೊಗರಿ ಒಣಗಿಸುವ, ಕಾಳು ಆರಿಸುವ ಹೆಣ್ಣುಮಕ್ಕಳಿಗೆ ವಾರಕ್ಕೊಮ್ಮೆ ನಗದು ಕೊಡುವ ರೂಢಿ. ಎಷ್ಟೋ ವಾರ ಪೂರ್ತಿ ಕೊಡಲಾಗಿರಲಿಲ್ಲ. ಬಾಕಿಯ ಗುರುತು ಇದ್ದದ್ದು ಮುಕಾದಮರ, ಅಂದರೆ ಕೂಲಿಯವರ ಮೇಸ್ತ್ರಿಯ, ಗೆರೆ ಪುಸ್ತಕದಲ್ಲಿ ಮಾತ್ರ. ಬಂದ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ಅಡ್ಡ ಗೀಟು, ವಾರದ ಕೊನೆಗೆ ಕೊಟ್ಟ ಮೊತ್ತ, ಪಕ್ಕದಲ್ಲಿ ಹೆಬ್ಬೆಟ್ಟು. ಎಣ್ಣೆ ಕೈಯಲ್ಲಿ ಹಿಡಿದು ಹಿಡಿದು ಹಾಳೆಗಳು ಕಂದಾಗಿದ್ದವು. ಆ ಪುಸ್ತಕಗಳನ್ನು ನಮ್ಮ ನಗದು ಪುಸ್ತಕದ ಜೊತೆ, ಆಯಾ ವಾರ ಬ್ಯಾಂಕಿನಿಂದ ಎತ್ತಿದ ಹಣದ ಜೊತೆ ಹೊಂದಿಸಿ ತೋರಿಸಿದೆ. ಹೊಂದಿದಷ್ಟನ್ನೂ ಆರ್‌ಪಿ ಒಪ್ಪಿದರು.

ನಮೂನೆಗೆ ಹೆಬ್ಬೆಟ್ಟು ಒತ್ತಿಸುವಾಗ ಹಿರಿಯ ಕೆಲಸಗಾರ್ತಿಯೊಬ್ಬರು ಕೈ ಹಿಂದಕ್ಕೆ ಎಳೆದುಕೊಂಡರು. "ಅಣ್ಣಾವರೇ, ಗ್ರಾಚ್ಯುಟಿ ಎಂದು ಬರೆದಿದ್ದೀರಿ. ಅದು ಕೆಲಸ ಬಿಟ್ಟವರಿಗೆ ಕೊಡುವುದಲ್ಲವೇ? ಒತ್ತಿದರೆ ನನ್ನನ್ನು ಬಿಡಿಸುತ್ತಾರೆ." ಅವರ ಹಿಂದೆ ನಿಂತಿದ್ದವರ ಮುಖದಲ್ಲೂ ಅದೇ ಅಳುಕು. ಹಕ್ಕು ಕೇಳುವುದೆಂದರೆ ಕೆಲಸ ಬಿಡುವುದಲ್ಲ, ಕಂಪನಿ ನಿಮಗೆ ಇಷ್ಟು ಕೊಡಬೇಕಾಗಿದೆ ಎಂದು ಕೋರ್ಟಿನ ಕಡತದಲ್ಲಿ ನಿಮ್ಮ ಹೆಸರು ಬರೆಸುವುದು, ಬರೆಸದಿದ್ದರೆ ನಾಳೆ ಯೋಜನೆ ಒಪ್ಪಿಗೆಯಾದಾಗ ಹಳೆಯ ಬಾಕಿಯೇ ಇಲ್ಲವಾಗಬಹುದು ಎಂದು ತಿಳಿಹೇಳಿದೆ. ನನ್ನ ಮಾತು ಸಾಲದೆ ಆರ್‌ಪಿಯನ್ನೇ ಕರೆಸಿ ಹೇಳಿಸಿದೆ. ಆಮೇಲೆ ಒತ್ತಿದರು. ಈ ಅಳುಕನ್ನು ಯಾವ ಸುತ್ತೋಲೆಯೂ ಬಗೆಹರಿಸುವುದಿಲ್ಲ, ಎದುರು ಕುಳಿತು ಹೇಳುವವರು ಬೇಕು. ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಬಂದರೆ ಅಂಗಳದಲ್ಲಿ ಕುಳಿತವರಿಗೆ ತಲುಪಿತು ಎಂದು ಹೇಗೆ ತಿಳಿಯುವುದು? ಕಾರ್ಮಿಕರ ಪಟ್ಟಿಯನ್ನು ಕಂಪನಿಯ ಪುಸ್ತಕದಿಂದಲೇ ತಾನಾಗಿ ಹಕ್ಕು ಎಂದು ಪರಿಗಣಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹಮಾಲರದು ಬೇರೆಯೇ ಕಥೆ. ಅವರು ಗುತ್ತಿಗೆದಾರರ ಮೂಲಕ ಬರುತ್ತಿದ್ದರು. ಕಾಗದದಲ್ಲಿ ಅವರು ನಮ್ಮವರಲ್ಲ. ಗುತ್ತಿಗೆದಾರರು ತಮ್ಮ ಬಿಲ್ಲಿಗೆ ನಮೂನೆ ಬಿ ಸಲ್ಲಿಸಿದರು, ಮಾಲು ಕೊಟ್ಟವರ ಸಾಲಿನಲ್ಲಿ ಸೇರಿದರು. ಮೂವತ್ತು ವರ್ಷ ನಮ್ಮ ಚೀಲ ಹೊತ್ತ ಬೆನ್ನುಗಳು ಆ ಕಡತದಲ್ಲಿ ಎಲ್ಲೂ ಕಾಣಿಸಲಿಲ್ಲ. ನನಗೆ ಈಗಲೂ ಸಮಾಧಾನವಾಗದ ಸಂಗತಿ ಇದು.

ಹಕ್ಕುಗಳು ಒಪ್ಪಿಗೆಯಾದ ಮೇಲೆ ಸಾಲದಾತರ ಸಮಿತಿ ರಚನೆಯಾಗುತ್ತದೆ. ಅದರಲ್ಲಿ ಕೂಡುವವರು ಬ್ಯಾಂಕು, ಹಣಕಾಸು ಕಂಪನಿ ಮಾತ್ರ. ಸಾಲದ ಪ್ರಮಾಣದಷ್ಟೇ ಮತ. ಮಾಲು ಕೊಟ್ಟವರು, ಕಾರ್ಮಿಕರು ಇವರೆಲ್ಲರ ಬಾಕಿ ಒಟ್ಟು ಸಾಲದ ಶೇ 10 ಮುಟ್ಟಿದರೆ ಒಬ್ಬ ಪ್ರತಿನಿಧಿ ಸಭೆಗೆ ಬರಬಹುದು, ಮತ ಹಾಕುವಂತಿಲ್ಲ. ನಾನು ಆ ಸಂಹಿತೆಯ ಪೀಠಿಕೆ ಓದಿದ್ದೇನೆ. ಆಸ್ತಿಯ ಮೌಲ್ಯ, ಉದ್ಯಮಶೀಲತೆ, ಸಾಲದ ಲಭ್ಯತೆ, ಸಂಬಂಧಪಟ್ಟ ಎಲ್ಲರ ಹಿತದ ಸಮತೋಲನ ಎಲ್ಲವನ್ನೂ ಹೇಳಿದ್ದಾರೆ. ಉದ್ಯೋಗ ಉಳಿಸುವುದನ್ನು ಎಲ್ಲೂ ಹೇಳಿಲ್ಲ. ಕೆಲಸಗಳು ಉಳಿಯುವುದು ಮಿಲ್ ಉಳಿದರೆ ಮಾತ್ರ. ಮಿಲ್ ಉಳಿಯುವುದು ನಡೆಯುವ ಮಿಲ್‌ನ ಬೆಲೆ ನೆಲದ ಬೆಲೆಗಿಂತ ಹೆಚ್ಚಿದೆ ಎಂದು ಸಮಿತಿಗೆ ಕಂಡರೆ ಮಾತ್ರ.

ನಮ್ಮಲ್ಲಿ ಬಂದ ಯೋಜನೆಗಳು ಎರಡು. ಒಬ್ಬರು ಹೊರಗಿನ ವ್ಯಾಪಾರಿ. ಅವರ ಕಣ್ಣು ಜಾಗದ ಮೇಲಿತ್ತು, ಗೋದಾಮು ಮಾಡುವ ಇರಾದೆ. ಇನ್ನೊಂದು ನಮ್ಮ ಮಾಲಕರದೇ, ಪುಣೆಯಲ್ಲಿ ವ್ಯಾಪಾರ ಮಾಡುವ ಅಳಿಯನ ಬಂಡವಾಳದೊಂದಿಗೆ. ಮಾಮೂಲಾಗಿ 29ಎ ಕಲಮು ಸಾಲ ಕೆಡಿಸಿಕೊಂಡ ಮಾಲಕರಿಗೆ ತಮ್ಮ ಕಂಪನಿಯನ್ನು ಮತ್ತೆ ಕೊಳ್ಳಲು ಬಿಡುವುದಿಲ್ಲ. ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ 240ಎ ಕಲಮಿನಲ್ಲಿ ಆ ನಿರ್ಬಂಧ ಸಡಿಲಿಸಲಾಗಿದೆ, ಏಕೆಂದರೆ ಸಣ್ಣ ಊರಿನ ಸಣ್ಣ ಉದ್ದಿಮೆಯನ್ನು ಕೊಳ್ಳಲು ಹೊರಗಿನವರು ಬರುವುದು ಕಡಿಮೆ. ಅದಕ್ಕೆ ಸಣ್ಣ ಉದ್ದಿಮೆಯೆಂದು ಗುರುತಿಸುವ ಸರ್ಕಾರಿ ಉದ್ಯಮ್ ನೋಂದಣಿ ಚಾಲ್ತಿಯಲ್ಲಿರಬೇಕು. ಯೋಜನೆ ಸಲ್ಲಿಸುವ ದಿನಕ್ಕೆ ಆ ಸ್ಥಾನಮಾನ ಇದ್ದರೆ ಸಾಕು ಎಂದು 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕದ ಪ್ರಕರಣವೇ ಅದು. ನಮ್ಮದು ಮೊದಲಿನಿಂದಲೂ ಚಾಲ್ತಿಯಲ್ಲಿತ್ತು.

ಕಾರ್ಮಿಕರೆಲ್ಲ ಸೇರಿ ಸಮಿತಿಗೆ ಒಂದು ಪತ್ರ ಬರೆದೆವು. ಬೇಡಿಕೊಳ್ಳುವ ಧಾಟಿ ಬೇಡವೆಂದು ನಾನೇ ಹಟ ಹಿಡಿದೆ. ಪ್ರಕ್ರಿಯೆಯ ಅವಧಿಯಲ್ಲಿ ಎಷ್ಟು ಮಾಲು ಕೂಲಿಗೆ ಒಡೆದಿದ್ದೇವೆ, ಎಷ್ಟು ಉಳಿತಾಯವಾಗಿದೆ, ಸ್ವಂತ ಬಂಡವಾಳ ಬಂದರೆ ಎಷ್ಟಾಗುತ್ತದೆ ಎಂಬ ಲೆಕ್ಕ ಅದರಲ್ಲಿತ್ತು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಆ ಗುರುತಿನ ಸಣ್ಣ ಪೊಟ್ಟಣಗಳಿಗೆ ಒಳ್ಳೆಯ ದರವಿದೆ ಎಂದೂ ಬರೆದೆವು. ಆರ್‌ಪಿ ಅದನ್ನು ಸಭೆಯ ಮುಂದಿಟ್ಟರು. ಹೊರಗಿನವರು ಮೊದಲಿಗೆ ಕೊಡುವ ಹಣ ಹೆಚ್ಚಿತ್ತು, ಮಾಲಕರ ಯೋಜನೆಯಲ್ಲಿ ಕಂತುಗಳೂ ಸೇರಿ ಒಟ್ಟು ಹೆಚ್ಚಿತ್ತು. ಹಗ್ಗಜಗ್ಗಾಟ ನಡೆದು, ಅಳಿಯ ಮೊದಲ ಕಂತನ್ನು ಏರಿಸಿದ ಮೇಲೆ ಬ್ಯಾಂಕು ಮಾಲಕರ ಯೋಜನೆಗೆ ಮತ ಹಾಕಿತು. ಒಪ್ಪಿಗೆಗೆ ಬೇಕಾದ ಶೇ 66 ದಾಟಿತು. ಬ್ಯಾಂಕು ನಮ್ಮ ಮೇಲಿನ ಕರುಣೆಯಿಂದ ಹಾಗೆ ಮಾಡಲಿಲ್ಲ, ಲೆಕ್ಕ ನೋಡಿ ಮಾಡಿತು. ರೋಲರ್ ತಿರುಗುತ್ತಿದ್ದುದರಿಂದ ಆ ಲೆಕ್ಕ ನಮ್ಮ ಕಡೆಗೆ ವಾಲಿತು.

ನ್ಯಾಯಮಂಡಳಿ ಯೋಜನೆಯನ್ನು 31ನೇ ಕಲಮಿನಲ್ಲಿ ಮಂಜೂರು ಮಾಡಿತು. ಬ್ಯಾಂಕಿಗೆ ಸಾಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕಿತು. ಭವಿಷ್ಯನಿಧಿ ಬಾಕಿ ಪೂರ್ತಿ ಸಂದಾಯವಾಯಿತು. ಮುಚ್ಚಿಹೋದ ಒಂದು ವಿಮಾನ ಕಂಪನಿಯ ನೌಕರರು ಹೋರಾಡಿ ಪಡೆದ 2022ರ ತೀರ್ಪು, ಅದನ್ನು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ನಮ್ಮವರ ನೆರವಿಗೆ ಬಂತು. ಪಗಾರ ಬಾಕಿಯ ದೊಡ್ಡ ಪಾಲು ಬಂತು. ಲಿಕ್ವಿಡೇಷನ್ ಆಗಿದ್ದರೆ ಕಾರ್ಮಿಕರ 24 ತಿಂಗಳ ಬಾಕಿಗೆ ಒತ್ತೆ ಸಾಲದಾತರ ಜೊತೆ ಸಮಾನ ಸ್ಥಾನ ಸಿಗುತ್ತಿತ್ತು, ಆದರೆ ಮಾರಿದ ನೆಲದಿಂದ ಎಷ್ಟು ಬರುತ್ತಿತ್ತು ಎಂಬ ಲೆಕ್ಕ ನನಗೆ ಗೊತ್ತಿದೆ. ಅಡತಿಯವರಿಗೆ ಸಿಕ್ಕಿದ್ದು ಚಿಲ್ಲರೆ. ರೈತರಿಗೆ ತಮ್ಮ ಕೈಯಿಂದ ಮೊದಲೇ ಕೊಟ್ಟು ನಮ್ಮಿಂದ ಬರುವುದೆಂದು ಕಾದವರು ಅವರು. ಅವರಲ್ಲಿ ಒಬ್ಬರು ಇಂದಿಗೂ ನನ್ನ ನಮಸ್ಕಾರಕ್ಕೆ ಉತ್ತರಿಸುವುದಿಲ್ಲ, ಅವರ ಸಿಟ್ಟು ನ್ಯಾಯವಾದದ್ದು. ಯೋಜನೆಯ ಭಾಗವಾಗಿ ರಾತ್ರಿ ಪಾಳಿ ರದ್ದಾಯಿತು, ಹದಿನೈದು ಜನ ಕೆಲಸ ಕಳೆದುಕೊಂಡರು. ಮಾಲಕರು ವೈಯಕ್ತಿಕ ಜಾಮೀನಿಗೆ ಇಟ್ಟಿದ್ದ ಮನೆಗೆ 14ನೇ ಕಲಮಿನ ರಕ್ಷಣೆ ಇರಲಿಲ್ಲ. ಕಂಪನಿಯ ಯೋಜನೆ ಮಂಜೂರಾದರೂ ಜಾಮೀನುದಾರರ ಹೊಣೆ ತಾನಾಗಿ ತೀರುವುದಿಲ್ಲ. ಆ ಪ್ರಕರಣ ಇನ್ನೂ ನಡೆಯುತ್ತಿದೆ.

ಈ ಸುದ್ದಿ ಹರಡಿದ ಮೇಲೆ ನಂದೂರ-ಕೆಸರಟಗಿ ಕಡೆಯ ಒಂದು ಮಿಲ್‌ನ ಕೆಲಸಗಾರರು ನಮೂನೆ ಡಿ ಕೇಳಿಕೊಂಡು ನನ್ನ ಬಳಿ ಬಂದರು. ಅವರ ಮಿಲ್‌ಗೆ ಬೀಗ ಬಿದ್ದು ತಿಂಗಳುಗಳಾಗಿದ್ದವು. ಕಾಗದ ನೋಡಿದರೆ ಅದು ಕಂಪನಿಯಲ್ಲ, ಅಣ್ಣತಮ್ಮಂದಿರ ಪಾಲುದಾರಿಕೆ ಸಂಸ್ಥೆ. ನಮ್ಮ ಊರಿನಲ್ಲಿ ಇಂಥ ಮಿಲ್‌ಗಳು ಎಷ್ಟೋ ಇವೆ. ಸಂಹಿತೆಯಲ್ಲಿ ಪಾಲುದಾರಿಕೆ ಸಂಸ್ಥೆಗಳಿಗೂ ಒಂದು ಭಾಗ ಬರೆದಿಟ್ಟಿದ್ದಾರೆ, 2016ರಲ್ಲಿ ಬರೆದ ಅದನ್ನು ಜಾರಿಗೆ ತಂದಿಲ್ಲ. ಅವರಿಗೆ ಆರ್‌ಪಿ ಬರುವುದಿಲ್ಲ, 14ನೇ ಕಲಮಿಲ್ಲ. ಉಳಿದದ್ದು ಕಾರ್ಮಿಕ ಇಲಾಖೆಯ ಬಾಗಿಲು. ಅವರ ಮುಕಾದಮರ ಗೆರೆ ಪುಸ್ತಕಗಳನ್ನು ತರಿಸಿಕೊಂಡು ವಾರವಾರದ ಬಾಕಿ ಲೆಕ್ಕ ಹಾಕಿ, ಒಬ್ಬೊಬ್ಬರ ಹೆಸರಿನಲ್ಲಿ ಅರ್ಜಿ ಬರೆದುಕೊಟ್ಟಿದ್ದೇನೆ. ಮೊದಲ ವಿಚಾರಣೆಗೆ ದಿನಾಂಕ ಕೊಟ್ಟಿದ್ದಾರೆ. ಅವತ್ತು ರಜೆ ಹಾಕಿ ನಾನೂ ಅವರ ಜೊತೆ ಹೋಗುತ್ತೇನೆ.